ಅಂಪೈರ್ ಇಲ್ಲದ ಆಟ

ಈ ಸಂಜೆಯ ಸಭೆಗೆ ಅಧ್ಯಕ್ಷರಾಗಿರುವ, ಮೂವತ್ತೈದು ವರ್ಷಗಳಿಂದ ನನ್ನ ನೆರೆಮನೆಯವರೂ ಗೆಳೆಯರೂ ಆಗಿರುವ ಸದಾಶಿವಯ್ಯನವರೇ, ನಮ್ಮ ಹತ್ತನೇ ಮೇನ್ ಗೆಳೆಯರ ಕ್ರೀಡಾ ಬಳಗದ ಕಾರ್ಯದರ್ಶಿ ಚಿರಂಜೀವಿ ಗುರುಕಿರಣ್ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಧರ್ಮಪತ್ನಿ ಮಹದೇವಮ್ಮನವರೇ, ಈ ಆಷಾಢದ ಗಾಳಿಯಲ್ಲೂ ಕೊಡೆ ಹಿಡಿದುಕೊಂಡು ಬಂದಿರುವ ಸರಸ್ವತಿಪುರಂನ ಸಮಸ್ತ ಸಭಿಕರೇ,

ಪದ್ಧತಿಯ ಪ್ರಕಾರ ಮೊದಲು ಶಾಲು, ಆಮೇಲೆ ಹಾರ, ಆಮೇಲೆ ಹಣ್ಣಿನ ಬುಟ್ಟಿ, ಕಟ್ಟಕಡೆಗೆ ಸನ್ಮಾನಿತರಿಂದ ಎರಡು ಮಾತು. ಗುರುಕಿರಣ್ ಹಾಗೇ ಬರೆದುಕೊಂಡಿದ್ದ. ನಾನೇ ಹಠ ಹಿಡಿದೆ, "ಇಲ್ಲಪ್ಪ, ನನ್ನ ಮಾತು ಮೊದಲು" ಅಂತ. "ಯಾಕೆ ಅಂಕಲ್?" ಅಂದ. "ಶಾಲು ಹೊದ್ದುಕೊಂಡು ಮಾತಾಡಿದ್ರೆ ಸೆಖೆ ಆಗುತ್ತೆ ಕಣೋ" ಅಂದೆ. ಆಷಾಢದಲ್ಲಿ ಸೆಖೆ! ಪಾಪ, ಹುಡುಗ ನಂಬಿದ. ನಾನು ಹೇಳಿದ್ದನ್ನ ಜನ ನಂಬೋದು ಇವತ್ತು ನಿನ್ನೆಯದಲ್ಲ. ಇವತ್ತು ನಾನು ಮಾತಾಡಬೇಕಾಗಿರೋದೂ ಅದರ ಬಗ್ಗೆಯೇ.

ನನಗೆ ಎಪ್ಪತ್ತು ತುಂಬಿತು ಅಂತ ಈ ಸಮಾರಂಭ ಇಟ್ಟುಕೊಂಡಿದ್ದೀರಿ. ಎಪ್ಪತ್ತು ತುಂಬೋದಕ್ಕೆ ನಾನು ಪಟ್ಟ ಶ್ರಮ ಏನೂ ಇಲ್ಲ. ಸುಮ್ಮನೆ ಇದ್ದೆ, ತುಂಬಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಶಾಲು ಹೊದ್ದುಕೊಂಡು, ಹಣ್ಣಿನ ಬುಟ್ಟಿ ಮಹದೇವಮ್ಮನ ಕೈಗೆ ಕೊಟ್ಟು ಮನೆಗೆ ಹೋಗಿಬಿಡುತ್ತಿದ್ದೆ. ಆದರೆ ಆಮಂತ್ರಣ ಪತ್ರಿಕೆಯಲ್ಲಿ ಇನ್ನೊಂದು ಸಾಲು ಹಾಕಿಸಿದ್ದೀರಿ. ಈ ವರ್ಷದಿಂದ ಪ್ರತಿವರ್ಷವೂ "ಅಂಪೈರ್ ಚಂದ್ರಮೌಳಿ ಪ್ರಾಮಾಣಿಕ ಆಟಗಾರ ಪಾರಿತೋಷಕ" ಕೊಡಲಾಗುವುದು ಅಂತ. ಆ ಸಾಲು ಓದಿದ ದಿನದಿಂದ ನನಗೆ ನೆಟ್ಟಗೆ ಊಟ ಸೇರುತ್ತಿಲ್ಲ. ಮಹದೇವಮ್ಮ ಬೇಕಾದರೆ ಸಾಕ್ಷಿ ಹೇಳುತ್ತಾರೆ.

ಅಧ್ಯಕ್ಷರು ಈಗ ತಾನೇ ನನ್ನ ಗುಣಗಾನ ಮಾಡಿದರು. ಮೂವತ್ತು ವರ್ಷ ಈ ಊರಿನ ಕ್ರಿಕೆಟ್ ಲೀಗಿನಲ್ಲಿ ಅಂಪೈರ್ ಆಗಿದ್ದವರು, ಸ್ವಂತ ಭಾಮೈದನಿಗೇ ಬೆರಳೆತ್ತಿ ಔಟ್ ಕೊಟ್ಟವರು ಅಂತ. ಚಪ್ಪಾಳೆ ಹೊಡೆದಿರಿ. ಸ್ವಾಮಿ, ಮದುವೆಯಾದ ಗಂಡಸರು ಇಲ್ಲಿ ಬಹಳ ಜನ ಇದ್ದೀರಿ, ನೀವೇ ಹೇಳಿ, ಭಾಮೈದನಿಗೆ ಔಟ್ ಕೊಡೋದು ಅಷ್ಟು ಕಷ್ಟದ ಕೆಲಸವೇ? ಅದು ಪ್ರಾಮಾಣಿಕತೆಯಾಗಿದ್ದರೆ ಆವತ್ತು ನನಗೆ ಅಷ್ಟೊಂದು ಖುಷಿಯಾಗಬಾರದಿತ್ತು.

ಆಮೇಲೆ ಅಧ್ಯಕ್ಷರು, ಅಗೋ, ಗೋಡೆಯ ಮೇಲಿನ ಆ ಫೋಟೋ ತೋರಿಸಿದರು. ಮೈಯೆಲ್ಲ ಕೆಸರು, ಹೊಟ್ಟೆಗೆ ಅವುಚಿಕೊಂಡ ಒಂದು ಬಿಳಿ ತಟ್ಟೆ, ಆಕಾಶಕ್ಕೆ ಎತ್ತಿದ ಒಂದು ಬೆರಳು. ಅದು ನಾನೇ. "ಅರವತ್ತೆರಡನೇ ವಯಸ್ಸಿನಲ್ಲಿ, ಸುರಿಯುವ ಮಳೆಯಲ್ಲಿ, ಹುಡುಗರನ್ನ ಸೋಲಿಸಿದ ಆ ಕ್ಯಾಚು!" ಅಂದರು. ಎಂಟು ವರ್ಷದಿಂದ ಈ ಹಾಲ್‌ಗೆ ಬಂದಾಗಲೆಲ್ಲ ಆ ಫೋಟೋಕ್ಕೆ ಬೆನ್ನು ಹಾಕಿ ಕೂತಿದ್ದೇನೆ. ಯಾರಾದರೂ ಗಮನಿಸಿದ್ದೀರಾ? ಗಮನಿಸಿರಲಾರಿರಿ.

ಹೊಸಬರಿಗಾಗಿ ಆವತ್ತಿನ ಕಥೆ ಹೇಳುತ್ತೇನೆ. ಹಳಬರಿಗೆ ಗೊತ್ತಿರೋ ಕಥೆ, ಆದರೆ ಪೂರ್ತಿ ಗೊತ್ತಿಲ್ಲ.

ಎರಡು ಸಾವಿರದ ಒಂದನೇ ಇಸವಿ. ಗುರುಕಿರಣ್ ಚೆನ್ನೈನಲ್ಲಿ ಓದು ಮುಗಿಸಿಕೊಂಡು ಬಂದ. ಸರ್ಟಿಫಿಕೇಟಿನ ಜೊತೆಗೆ ಒಂದು ಪ್ಲಾಸ್ಟಿಕ್ ತಟ್ಟೆಯನ್ನೂ ತಂದ. ಅಲ್ಲಿನ ಸಮುದ್ರದ ದಂಡೆಯಲ್ಲಿ ಹುಡುಗರು ಅದನ್ನ ಎಸೆದು ಆಡುತ್ತಾರಂತೆ. ಅಲ್ಟಿಮೇಟ್ ಫ್ರಿಸ್ಬೀ ಅಂತ ಪೂರ್ತಿ ಹೆಸರು, ನಮ್ಮ ಬೀದಿಯಲ್ಲಿ ಅದು ತಟ್ಟೆ ಆಟ ಆಯಿತು. ಹುಡುಗರು ಹುಡುಗಿಯರು ಒಟ್ಟಿಗೇ ಆಡುವ ಆಟ. ರಾಮಕೃಷ್ಣನಗರದಲ್ಲಿ ಆಗಿನ್ನೂ ಖಾಲಿ ಮೈದಾನವಿತ್ತು. ಸಂಜೆಯಾದರೆ ಎಲ್ಲರೂ ಅಲ್ಲೇ. ಅವರಲ್ಲೆಲ್ಲ ಚೆನ್ನಾಗಿ ಆಡುತ್ತಿದ್ದವಳು ಒಬ್ಬಳು ಹುಡುಗಿ. ಹದಿನೇಳು ವರ್ಷ, ಪಿಯುಸಿ ಓದುತ್ತಿದ್ದಳು. ಗಾಳಿ ಯಾವ ಕಡೆ ಬೀಸಿದರೆ ತಟ್ಟೆ ಯಾವ ಕಡೆ ಇಳಿಯುತ್ತೆ ಅಂತ ಅದು ಕೈಬಿಟ್ಟ ಕ್ಷಣದಲ್ಲೇ ಹೇಳುತ್ತಿದ್ದಳು. ಅಷ್ಟು ಚುರುಕು ಕಣ್ಣು. ಅವಳೇ ನಮ್ಮ ಅಧ್ಯಕ್ಷರ ಮಗಳು, ಅಕ್ಷತಾ. ಚೆನ್ನೈನ ಗುಂಪು ನಮ್ಮ ಹುಡುಗರನ್ನ ಆಗಸ್ಟ್ ತಿಂಗಳಿಗೆ ಆಟಕ್ಕೆ ಕರೆದಿತ್ತು. ಅವಳೇ ಮುಂದಾಳಾಗಿ ಹೋಗೋದು ಅಂತ ತೀರ್ಮಾನವಾಗಿತ್ತು. ಸದಾಶಿವಯ್ಯನವರು ಒಪ್ಪಿಕೊಂಡಿದ್ದರು, ಬ್ಯಾಗು ಕೂಡ ಕೊಡಿಸಿದ್ದರು.

ಹೋಗೋ ಮುಂಚೆ ಒಂದು ಸ್ನೇಹದ ಪಂದ್ಯ ಇಟ್ಟುಕೊಳ್ಳೋಣ, ಚಿಕ್ಕವರು ಒಂದು ಕಡೆ ದೊಡ್ಡವರು ಒಂದು ಕಡೆ, ಅಂತ ಗುರುಕಿರಣ್ ಹೇಳಿದ. ಹಿರಿಯರ ತಂಡಕ್ಕೆ ಆರು ಜನ ಸಿಕ್ಕಿದರು, ಏಳನೆಯವರಿಲ್ಲ. ಸದಾಶಿವಯ್ಯನವರು ನಮ್ಮ ಗೇಟಿಗೆ ಬಂದು, "ಬನ್ರೀ ಮೌಳಿಗಳೇ, ಮನೇಲಿ ಕೂತು ಏನ್ ಮಾಡ್ತೀರಿ?" ಅಂದರು. ಸರಿ, ಹಳೇ ಬಿಳಿ ಬೂಟು ಹುಡುಕಿ ಹಾಕಿಕೊಂಡು ಹೊರಟೆ.

ಆಟ ಸುಲಭ. ತಟ್ಟೆ ಕೈಯಲ್ಲಿದ್ದಾಗ ಓಡೋ ಹಾಗಿಲ್ಲ, ತಮ್ಮವರಿಗೆ ಎಸೆಯಬೇಕು. ಆ ತುದಿಯ ಗೆರೆಯಾಚೆ ನಿಂತವನು ಹಿಡಿದರೆ ಒಂದು ಪಾಯಿಂಟು. ನೆಲಕ್ಕೆ ಬಿದ್ದರೆ ತಟ್ಟೆ ಎದುರಿನವರದು. ಇಷ್ಟೇ. ಗುರುಕಿರಣ್ ಇಷ್ಟನ್ನೂ ಹೇಳಿ, ಕೊನೆಗೆ ನನ್ನ ಮುಖ ನೋಡಿ ನಗುತ್ತಾ, "ಅಂಕಲ್, ಇದರಲ್ಲಿ ಅಂಪೈರ್ ಇರಲ್ಲ. ಯಾರ ಕೈಯಲ್ಲಿತ್ತೋ ಅವರೇ ಹೇಳಬೇಕು, ಹಿಡಿದೆನೋ ಬಿಟ್ಟೆನೋ ಅಂತ" ಅಂದ. ನಾನು ಗಹಗಹಿಸಿ ನಕ್ಕೆ. "ಅಂಪೈರ್ ಇಲ್ಲದ್ದು ಒಂದು ಆಟವೇನೋ? ಆಡೋನು ನಿಜ ಹೇಳ್ತಾನೇನೋ?" ಅಂದೆ. ಆ ಪ್ರಶ್ನೆ ಕೇಳಿದ್ದು ಬೆಳಿಗ್ಗೆ ಹತ್ತು ಗಂಟೆಗೆ. ಹನ್ನೊಂದೂವರೆಗೆ ಉತ್ತರ ನಾನೇ ಕೊಟ್ಟೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. ಅದರ ಹಿಂದಿನ ವರ್ಷ ನಾನು ಅಂಪೈರ್ ಕೆಲಸ ಬಿಟ್ಟಿದ್ದೆ. ವಯಸ್ಸಾಯಿತು, ನಾನೇ ಬಿಟ್ಟೆ, ಹೊಸಬರಿಗೆ ಅವಕಾಶ ಸಿಗಲಿ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ಸುಳ್ಳು. ಲೀಗಿನ ಕಮಿಟಿಯವರೇ ಬಿಡಿಸಿದರು. ಒಂದು ಪಂದ್ಯದಲ್ಲಿ ನೆಲಕ್ಕೆ ತಾಗಿದ ಚೆಂಡನ್ನ ಕ್ಯಾಚ್ ಅಂತ ಕೊಟ್ಟೆ. ನಿಜವಾಗಿಯೂ ಕಾಣಿಸಿರಲಿಲ್ಲ. ಕಮಿಟಿಯ ಹುಡುಗನೊಬ್ಬ ಮನೆಗೆ ಬಂದು ಕಾಫಿ ಕುಡಿದು, "ಸಾರ್, ಇನ್ನು ವಿಶ್ರಾಂತಿ ತಗೊಳ್ಳಿ" ಅಂದ. ಅಷ್ಟು ಗೌರವದಿಂದ ಅಂದ, ತಿರುಗಿ ಬಯ್ಯೋದಕ್ಕೂ ಆಗಲಿಲ್ಲ. ಮಹದೇವಮ್ಮ, ನಿನಗೂ ನಾನೇ ಬಿಟ್ಟೆ ಅಂತಲೇ ಹೇಳಿದ್ದೆ. ಅಯ್ಯೋ, ಇದನ್ನ ಇಲ್ಲಿ ಹೇಳಬೇಕು ಅಂತ ಇರಲಿಲ್ಲ. ಬಂದುಬಿಡ್ತು.

ಅಲ್ಲಿಂದ ಒಂದು ವರ್ಷ ನನ್ನನ್ನ ಯಾರೂ ಯಾವುದಕ್ಕೂ ಏನೂ ಕೇಳಲಿಲ್ಲ. ಮನೆಯಲ್ಲಿ ಹುಳಿಗೆ ಉಪ್ಪು ಸಾಕಾ ಅಂತಲೂ ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಭಾನುವಾರ ಭಾನುವಾರ ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದು ನನ್ನ ಬೆರಳನ್ನೇ ನೋಡುತ್ತಿದ್ದರು. ಅದು ನಿಂತುಹೋದರೆ ಹೇಗಿರುತ್ತೆ ಅಂತ ನಿಮಗೆ ಹೇಗೆ ಹೇಳಲಿ? ಇದನ್ನ ನೆಪ ಅಂತ ಹೇಳುತ್ತಿಲ್ಲ. ನೆಪವೇ ಇರಬಹುದು, ನೀವೇ ತೀರ್ಮಾನ ಮಾಡಿ.

ಪಂದ್ಯ ಶುರುವಾದಾಗ ಜಿಟಿಜಿಟಿ ಮಳೆ. ಆಮೇಲೆ ಗಾಳಿ ಎದ್ದಿತು. ತಟ್ಟೆ ಒಂದು ಕಡೆ ಎಸೆದರೆ ಇನ್ನೊಂದು ಕಡೆ ಹೋಗುತ್ತಿತ್ತು. ನಮ್ಮ ತಂಡದ ಸುಂದರೇಶ ಎಸೆದ ತಟ್ಟೆ ಹೋದಷ್ಟೇ ವೇಗವಾಗಿ ಅವನ ತಲೆಗೇ ವಾಪಸ್ ಬಂತು, ಹುಡುಗರು ನಕ್ಕು ನಕ್ಕು ಕೆಸರಲ್ಲಿ ಕೂತರು. ಗಾಳಿಯ ದೆಸೆಯಿಂದ ಹುಡುಗರ ಕೈಚಳಕವೂ ನಡೆಯಲಿಲ್ಲ, ಹಾಗಾಗಿ ನಾವು ಸರಿಸಮ ಬಂದೆವು. ಒಂಬತ್ತು ಒಂಬತ್ತು. ಮುಂದಿನ ಪಾಯಿಂಟು ಯಾರದೋ ಅವರು ಗೆದ್ದಂತೆ. ಮಳೆ ಜೋರಾಯಿತು. "ಸಾಕು ನಡೀರಿ" ಅಂತ ಯಾರೂ ಅನ್ನಲಿಲ್ಲ.

ನಾನು ಗೆರೆಯಾಚೆ ನಿಂತಿದ್ದೆ. ನನ್ನನ್ನ ತಡೆಯೋದಕ್ಕೆ ಅಕ್ಷತಾ, ಒಂದು ಮಾರು ದೂರದಲ್ಲಿ. ಸುಂದರೇಶ ಎಸೆದ. ತಟ್ಟೆ ಗಾಳಿಗೆ ಓಲಾಡಿಕೊಂಡು ಬಂತು. ನಾನು ಮುಂದಕ್ಕೆ ಬಿದ್ದೆ, ಜಾರಿದೆ, ಎರಡೂ ಕೈಯಲ್ಲಿ ಹಿಡಿದೆ. ಹಿಡಿದದ್ದು ಜಾರಿತು. ತಟ್ಟೆಯ ಅಂಚು ಕೆಳಗಿನ ನೀರಿಗೆ ಬಡಿಯಿತು, ಆ ತಣ್ಣನೆ ನೀರು ನನ್ನ ಬೆರಳ ಸಂದಿಗೆ ಹಾರಿತು. ಆಮೇಲೆ ಅದನ್ನ ಎಳೆದು ಹೊಟ್ಟೆಗೆ ಅವುಚಿಕೊಂಡೆ. ನನಗೆ ಆವತ್ತು ಕಣ್ಣು ಕಾಣದೇ ಹೋದದ್ದಲ್ಲ. ಕಣ್ಣಿಗೆ ಕಾಣಿಸಿತು, ಕೈಗೂ ಗೊತ್ತಾಯಿತು.

ದೂರದಲ್ಲಿದ್ದವರು ಹೋ ಅಂತ ಕೂಗಿದರು. ಅಕ್ಷತಾ ಮಾತ್ರ ಮೆಲ್ಲಗೆ ಹೇಳಿದಳು, "ಬಿತ್ತು ಅಂಕಲ್."

ಸಭಿಕರೇ, ಆ ಕ್ಷಣಕ್ಕೆ "ಹೌದಮ್ಮ, ಬಿತ್ತು" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆಟ ಮುಂದುವರಿಯುತ್ತಿತ್ತು, ಸೋಲುತ್ತಿದ್ದೆವು ಅಥವಾ ಗೆಲ್ಲುತ್ತಿದ್ದೆವು, ಎಲ್ಲರೂ ಒಟ್ಟಿಗೆ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದೆವು. ಹಾಗೆ ಅನ್ನಲಿಲ್ಲ, ತಟ್ಟೆಯನ್ನ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೆ. ಅಷ್ಟರಲ್ಲಿ ಎಲ್ಲರೂ ಓಡಿಬಂದು ಸುತ್ತ ನಿಂತರು. ಗುರುಕಿರಣ್ ಹೇಳಿದ, "ಒಬ್ಬರು ಹಿಡಿದೆ ಅಂತಾರೆ, ಒಬ್ಬರು ಬಿತ್ತು ಅಂತಾರೆ ಅಂದ್ರೆ ಜಗಳವೇ ಬೇಡ ಅಂಕಲ್. ಎಸೆದವರ ಕೈಗೆ ವಾಪಸ್ ಕೊಟ್ಟು ಇನ್ನೊಂದು ಸಲ ಆಡೋದು, ಅದೇ ರೂಲ್ಸು." ಎಷ್ಟು ಒಳ್ಳೆಯ ನಿಯಮ ನೋಡಿ. ಸುಳ್ಳು ಹೇಳಿದವನಿಗೂ ಹಿಂದಕ್ಕೆ ಬರೋದಕ್ಕೆ ಒಂದು ದಾರಿ ಇಟ್ಟಿದ್ದಾರೆ.

ಆಗ ಸುಂದರೇಶ ಕೂಗಿದ, "ಇನ್ನೊಂದ್ ಸಲ ಯಾತಕ್ಕೆ? ಅಂಪೈರ್ ಸಾರು ಇಲ್ಲೇ ಅವ್ರಲ್ಲ, ಅವರೇ ಹೇಳ್ಲಿ ಬುಡಿ!"

ಎಲ್ಲರೂ ಹೌದು ಹೌದು ಅಂದರು. ಹುಡುಗರೂ ಅಂದರು. ಯಾರಿಗೂ ಹೊಳೆಯಲಿಲ್ಲ, ತಟ್ಟೆ ಹಿಡಿದವನೇ ನಾನು, ನನ್ನ ವ್ಯಾಜ್ಯಕ್ಕೆ ನಾನೇ ಹೇಗೆ ಅಂಪೈರ್ ಆಗ್ತೀನಿ ಅಂತ. ಇಂಥ ತಪ್ಪು ಬೇರೆ ಊರಿನವರು ಮಾಡುತ್ತಿದ್ದರೋ ಇಲ್ಲವೋ, ಮೂವತ್ತು ವರ್ಷ ನನ್ನ ಬೆರಳು ನೋಡಿ ಅಭ್ಯಾಸವಾಗಿದ್ದ ನಮ್ಮ ಬೀದಿಯವರು ಮಾಡಿದರು. ಮಳೆಯಲ್ಲಿ ಹದಿಮೂರು ಜನ ನನ್ನ ಸುತ್ತ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ವರ್ಷವಾಗಿತ್ತು ಸ್ವಾಮಿ, ನನ್ನನ್ನ ಯಾರೂ ಹಾಗೆ ನೋಡಿ. ನನಗೆ ಎಷ್ಟು ಹಿತವಾಯಿತು ಅಂದರೆ, ಹೇಳೋದಕ್ಕೆ ನಾಚಿಕೆಯಾಗುತ್ತೆ.

ಬೆರಳೆತ್ತಿದೆ. "ಕ್ಯಾಚ್" ಅಂದೆ. ಗುರುಕಿರಣ್ ತಂಗಿ ಮೈದಾನದ ಹೊರಗಿನಿಂದ ಫೋಟೋ ತೆಗೆದಳು. ಆ ಗೋಡೆಯ ಮೇಲಿರೋದು ಅದೇ.

ಅಕ್ಷತಾ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. "ಅಂಕಲ್, ನಿಮಗೆ ಗೊತ್ತಲ್ಲ," ಅಂದಳು. ಅಷ್ಟೇ ಮಾತು. ಎಂಟು ವರ್ಷದಿಂದ ಸ್ನಾನ ಮಾಡುವಾಗ, ಪೇಪರ್ ಓದುವಾಗ ಅದೇ ಕೇಳುತ್ತೆ. ನಿಮಗೆ ಗೊತ್ತಲ್ಲ.

ಆ ಮಾತು ಸದಾಶಿವಯ್ಯನವರ ಕಿವಿಗೆ ಬಿತ್ತು. ಅಧ್ಯಕ್ಷರೇ, ನಿಮ್ಮನ್ನ ದೂರೋದಕ್ಕೆ ಇದನ್ನ ಹೇಳುತ್ತಿಲ್ಲ. ನನ್ನ ಮೇಲಿನ ನಂಬಿಕೆಯಿಂದ ನೀವು ಹಾಗೆ ಮಾಡಿದಿರಿ. "ಏನೇ ಹೇಳ್ತಿದ್ದೀಯ? ಅವರು ಸುಳ್ಳು ಹೇಳ್ತಿದ್ದಾರೆ ಅಂತೀಯಾ? ನೀನು ಹುಟ್ಟೋಕ್ ಮುಂಚಿಂದ ಅಂಪೈರ್ ಅವರು! ಕೇಳು ಕ್ಷಮೆ" ಅಂದಿರಿ. ಅವಳು ಕದಲಲಿಲ್ಲ. "ಕಾಲಿಗೆ ಬೀಳು" ಅಂದಿರಿ. ಅವಳು ಒಂದು ಸಲ ನಿಮ್ಮ ಮುಖ ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು. ನನ್ನ ಮುಖವನ್ನ ಸ್ವಲ್ಪ ಜಾಸ್ತಿ ಹೊತ್ತು ನೋಡಿದಳು. ಆಮೇಲೆ ಕೆಸರಲ್ಲಿ ಮಂಡಿಯೂರಿ ನನ್ನ ಬಿಳಿ ಬೂಟು ಮುಟ್ಟಿದಳು.

ನಾನು ಏನು ಮಾಡಿದೆ ಗೊತ್ತೇ? ಆಗಲಾದರೂ ಬಾಯಿ ಬಿಟ್ಟೆ ಅಂದುಕೊಂಡಿರಾ? ಬಾಯಿ ಬಿಟ್ಟೆ. ಅವಳ ತಲೆಯ ಮೇಲೆ ಕೈಯಿಟ್ಟು, "ಇರಲಿ ಬಿಡಮ್ಮ, ಚಿಕ್ಕವಳು. ಕ್ಷಮಿಸಿದ್ದೀನಿ, ಒಳ್ಳೇದಾಗ್ಲಿ" ಅಂದೆ. ನಿಜ ಹೇಳಿದ ಮಗುವನ್ನ ಸುಳ್ಳು ಹೇಳಿದವನು ಕ್ಷಮಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಎಂಥ ದೊಡ್ಡ ಮನಸ್ಸು ಅಂತ. ಥೂ.

ಮನೆಗೆ ಬಂದೆ. ಬಾಗಿಲಲ್ಲೇ ಮಹದೇವಮ್ಮ, "ಏನ್ರೀ, ಗೆದ್ರಾ?" ಅಂದರು. "ಗೆದ್ವಿ" ಅಂದೆ. "ಮತ್ಯಾಕೆ ಸೋತೋರ ಥರ ಮುಖ?" ಅಂದರು. "ನೆನೆದು ಚಳಿ ಆಗ್ತಿದೆ, ಬಿಸಿನೀರು ಕಾಯಿಸು" ಅಂದೆ. ಬಳಗದವರು ಆ ತಟ್ಟೆಯ ಮೇಲೆ ಎಲ್ಲರ ಸಹಿ ಹಾಕಿ ನನಗೇ ಉಡುಗೊರೆ ಕೊಟ್ಟರು. ಮಹದೇವಮ್ಮ ಅದನ್ನ ನಮ್ಮ ಮನೆಯ ಹಾಲ್‌ನಲ್ಲಿ ಮೊಳೆ ಹೊಡೆದು ತೂಗುಹಾಕಿದರು. ಹದಿಮೂರು ಸಹಿಗಳಿವೆ. ಅವಳದೂ ಇದೆ, ಅಂಚಿನಲ್ಲಿ, ಪುಟ್ಟದಾಗಿ. ಹಾಕು ಅಂದರು, ಹಾಕಿದ್ದಾಳೆ.

ಅವಳು ಚೆನ್ನೈಗೆ ಹೋಗಲಿಲ್ಲ. "ದೊಡ್ಡವರಿಗೆ ಎದುರು ಮಾತಾಡೋದು ಕಲಿಸೋ ಆಟ ನಮ್ಮ ಮನೆಗೆ ಬೇಡ" ಅಂತ ಸದಾಶಿವಯ್ಯನವರು ನಿಲ್ಲಿಸಿದರು. ಸಂಜೆ ಹುಡುಗರು ಮೈದಾನಕ್ಕೆ ಹೋಗುವಾಗ ಅವಳು ಗೇಟಿನ ಒಳಗೆ ನಿಂತು ನೋಡುತ್ತಿದ್ದಳು. ನಾನು ವಾಕಿಂಗ್ ದಾರಿ ಬದಲಾಯಿಸಿಕೊಂಡೆ. ಇಷ್ಟೇ ನಾನು ಮಾಡಿದ್ದು.

ಹೋದ ಭಾನುವಾರ ಈ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಅವಳ ಮನೆಗೆ ಹೋಗಿದ್ದೆ. ಮದುವೆಯಾಗಿ ರಾಮಕೃಷ್ಣನಗರದಲ್ಲಿದ್ದಾಳೆ, ಆ ಹಳೇ ಮೈದಾನದಿಂದ ಎರಡೇ ರಸ್ತೆ ಆಚೆ. ಈಗ ಅಲ್ಲೆಲ್ಲ ಮನೆಗಳು. ಹೇಳಿಬಿಡೋಣ ಅಂತಲೇ ಹೋದದ್ದು. ಅವಳು ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ಮಾಡಿದಳು. ಕಾಫಿ ತಂದಿಟ್ಟು ಮತ್ತೆ ಅಡಿಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು. ಅವಳ ಯಜಮಾನರು ನಗುತ್ತಾ, "ಗ್ಯಾಸ್ ಆಫ್ ಮಾಡಿದ್ದೀನಾ ಅಂತ ನೋಡೋಕ್ ಹೋಗ್ತಾಳೆ ಸರ್. ಮನೆಗೆ ಬೀಗ ಹಾಕಿದ್ರೂ ಅಷ್ಟೇ, ಮೂರು ಸಲ ವಾಪಸ್ ಬಂದು ಎಳೆದು ನೋಡ್ತಾಳೆ. ಅವಳ ಕಣ್ಣನ್ನ ಅವಳೇ ನಂಬಲ್ಲ" ಅಂದರು.

ಇದಕ್ಕೆಲ್ಲ ನಾನೊಬ್ಬನೇ ಕಾರಣ ಅಂದರೆ ಅದೂ ಒಂಥರಾ ಜಂಬವಾದೀತು. ಆದರೆ ಆಮೇಲೆ ಅವಳೇ ಹೇಳಿದಳು. ನಾನು ಕೇಳದೇನೇ ಹೇಳಿದಳು. "ಅಂಕಲ್, ಅವತ್ತು ನಾನು ಹಾಗೆ ಅನ್ನಬಾರದಿತ್ತು. ಮಳೆ ಬರ್ತಿತ್ತು, ನನಗೇ ಸರಿಯಾಗಿ ಕಾಣಿಸಿರಲಿಲ್ಲ ಅನ್ಸುತ್ತೆ."

ಎಂಟು ವರ್ಷ ಅವಳು ನನ್ನನ್ನ ಬಯ್ದುಕೊಂಡಿರುತ್ತಾಳೆ ಅಂದುಕೊಂಡಿದ್ದೆ. ಅದನ್ನೇ ಬಯಸಿಯೂ ಇದ್ದೆ. ಅವಳು ನನ್ನನ್ನ ಬಯ್ದಿರಲಿಲ್ಲ, ನಂಬಿಬಿಟ್ಟಿದ್ದಳು. ಆ ಚುರುಕು ಕಣ್ಣಿನ ಹುಡುಗಿ, ತಾನು ಒಂದು ಮಾರು ದೂರದಿಂದ ಕಂಡದ್ದನ್ನ ಕಂಡೇ ಇಲ್ಲ ಅಂತ ತನಗೆ ತಾನೇ ಒಪ್ಪಿಸಿಕೊಂಡಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಸುಳ್ಳು ಹೇಳಬಾರದು ಅಂತ ಹೊರಟಿದ್ದೀನಿ, ಇದನ್ನೂ ಹೇಳಿಬಿಡಬೇಕು. "ಕಾಫಿ ಚೆನ್ನಾಗಿತ್ತಮ್ಮ" ಅಂತ ಹೇಳಿ ಎದ್ದು ಬಂದೆ.

ಅದಕ್ಕೇ ಇವತ್ತು ಇಲ್ಲಿ, ನಿಮ್ಮೆಲ್ಲರ ಎದುರಿಗೆ. ಹದಿಮೂರು ಜನರ ಮುಂದೆ ಕೊಟ್ಟ ತೀರ್ಪನ್ನ ಒಬ್ಬರ ಕಿವಿಯಲ್ಲಿ ಹೇಳಿ ವಾಪಸ್ ತಗೊಳ್ಳೋದಕ್ಕೆ ಆಗಲ್ಲ. ಹಾಗಾಗಿ ಎಲ್ಲರೂ ಕೇಳಿಸಿಕೊಳ್ಳಿ, ಹಿಂದಿನ ಸಾಲಿನವರೂ ಕೇಳಿಸಿಕೊಳ್ಳಿ. ಆವತ್ತು ತಟ್ಟೆ ಕೆಳಗೆ ಬಿತ್ತು. ಅಕ್ಷತಾ ಸರಿಯಾಗಿ ನೋಡಿದ್ದಳು, ಸರಿಯಾಗಿ ಹೇಳಿದ್ದಳು. ಸುಳ್ಳು ಹೇಳಿದವನು ನಾನು.

ಗುರುಕಿರಣ್, ಆ ಫೋಟೋ ಇಳಿಸಪ್ಪ. ಪಾರಿತೋಷಕ ಕೊಡಿ, ಖಂಡಿತ ಕೊಡಿ, ನನ್ನ ಹೆಸರು ಮಾತ್ರ ಬೇಡ. ಆ ಶಾಲನ್ನೂ ಮಡಿಚಿಡಿ. ಮಹದೇವಮ್ಮ, ನೀನು ಅಳಬೇಡ. ಊಟ ಸೇರದೇ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನನ್ನ ಕೈಲಿರೋ ಈ ಬಟ್ಟೆ ಚೀಲ ಏನು ಅಂತ ಆಗಿನಿಂದ ಎಲ್ಲರೂ ನೋಡುತ್ತಿದ್ದೀರಿ. ಇದರಲ್ಲಿ ಆ ತಟ್ಟೆ ಇದೆ. ಬೆಳಿಗ್ಗೆ ಮೊಳೆಯಿಂದ ಇಳಿಸಿ ಒರೆಸಿದೆ. ನೆಲಕ್ಕೆ ಬಿದ್ದರೆ ತಟ್ಟೆ ಎದುರಿನವರದು, ಅದು ಆಟದ ನಿಯಮ. ಎಂಟು ವರ್ಷದಿಂದ ಅವಳದನ್ನ ನಾನು ಇಟ್ಟುಕೊಂಡಿದ್ದೇನೆ. ಹೊರಗೆ ಆಟೋ ನಿಲ್ಲಿಸಿ ಬಂದಿದ್ದೇನೆ, ಇಲ್ಲಿಂದ ನೇರ ರಾಮಕೃಷ್ಣನಗರಕ್ಕೆ ಹೋಗಿ ಅವಳ ಕೈಗೆ ಕೊಟ್ಟು, ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳಬೇಕು. ಈ ಸಲ ಕಾಫಿ ಕುಡಿಯೋದಕ್ಕೆ ಮುಂಚೆ ಹೇಳಬೇಕು.

ಇಷ್ಟು ಹೊತ್ತು ನನ್ನ ಮಾತು ಕೇಳಿದ್ದೀರಿ, ಮೂವತ್ತು ವರ್ಷ ನನ್ನ ಬೆರಳನ್ನ ನಂಬಿದ್ದೀರಿ, ಎರಡಕ್ಕೂ ನಾನು ಋಣಿ. ಸದಾಶಿವಯ್ಯನವರೇ, ನೀವು ತಲೆ ತಗ್ಗಿಸಬೇಡಿ, ತಗ್ಗಿಸಬೇಕಾದವನು ನಾನು. ಆಟೋದಲ್ಲಿ ಇಬ್ಬರಿಗೆ ಜಾಗ ಇದೆ. ಬರ್ತೀರಾ?

ಎಲ್ಲರಿಗೂ ನಮಸ್ಕಾರ.